ಬೆಲ್ಲ-ನೀರೂ ಮುಳ್ಳುಬೇಲಿಯೂ

ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ-ನೀರನ್ನಿತ್ತು ಬಳಿಕ ಕುಶಲವನ್ನು ಕೇಳುವುದು ನಮ್ಮ ಮಲೆನಾಡಿನ ಸಂಪ್ರದಾಯ. ಅಂತಹ ಸೀಮೆಯ ಜನರು ಕೊರೋನಾ ವ್ಯಾಧಿಯ ತರುವಾಯ ಪ್ರವಾಸಿಗಳನ್ನು ಕಂಡರೆ ಮುಖ ತಿರುಗಿಸುತ್ತಾರೆಂದು ಪಟ್ಟಣವಾಸಿಗಳು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಯಲ್ಲಿ ಹುರುಳೆಷ್ಟು?

2020ನೆಯ ಇಸವಿಯ ಮಾರ್ಚಿಯಲ್ಲಿ ದೇಶವೆಲ್ಲ ದಿಗ್ಬಂಧನಕ್ಕೊಳಗಾದಾಗ, ಕರ್ನಾಟಕದ ಅನೇಕ ಹಳ್ಳಿಗಳವರು ಊರಬಾಗಿಲಿಗೆ ಮುಳ್ಳುಬೇಲಿಯನ್ನೆಳೆದರು. ಅದು ದ್ವೇಷವಲ್ಲ, ನಿರುಪಾಯತೆ. ತಜ್ಞವೈದ್ಯರೂ ಪ್ರಾಣವಾಯುವೂ ದೂರದ ಪಟ್ಟಣದಲ್ಲಿರುವಾಗ ಬೇಲಿಯೊಂದೇ ಬಡವನ ಔಷಧ.

ಉಳವಿ, ಚಂದ್ರಗುತ್ತಿ, ಗುಡವಿಗಳಿರುವ ಸೊರಬ ತಾಲ್ಲೂಕಿಗಂತೂ ರೋಗಭಯವು ಹೊಸತಲ್ಲ. ಮಂಗನ ಕಾಯಿಲೆಯು 1957ರಲ್ಲಿ ಮೊದಲು ಪತ್ತೆಯಾದುದು ಇದೇ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಅಂದಿನಿಂದ ಆ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ರೋಗದ ಹೆಸರಾಗಿ ನಿಂತಿದೆ. ಸತ್ತ ಮಂಗವನ್ನು ಕಂಡರೆ ಎಚ್ಚರಗೊಳ್ಳುವ, ಉಣ್ಣೆ ಕಚ್ಚೀತೆಂದು ಬೇಸಗೆಯಲ್ಲಿ ತರಗೆಲೆಗೆ ಹೋಗಲು ಹಿಂಜರಿಯುವ ಜನರನ್ನು ಅಂಜುಬುರುಕರೆನ್ನುವುದು ಅನ್ಯಾಯ.

ಆದರೆ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಅಂದು ಬೇಲಿಯಾಚೆ ನಿಂತವರಲ್ಲಿ ಬೆಂಗಳೂರು ಮುಂಬಯಿಗಳಿಂದ ಹಿಂದಿರುಗಿದ ನಮ್ಮ ಮಕ್ಕಳೇ ಇದ್ದರು. ಒಂದು ಊರಿಗೆ ರೋಗದ ಹಣೆಪಟ್ಟಿ ಕಟ್ಟುವುದು ಎಂತಹ ನೋವೆಂದು ಬಲ್ಲ ತಾಲ್ಲೂಕಿನವರು ಮನುಷ್ಯನಿಗೆ ಅದನ್ನು ಕಟ್ಟಬಾರದು. 2023ನೆಯ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದೆ. ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನಕ್ಕೂ ಗುಡವಿಯ ಹಕ್ಕಿಗಳನ್ನು ನೋಡಲಿಕ್ಕೂ ಬರುವವರಿಂದ ಅಂಗಡಿಯವನಿಗೂ ಬಾಡಿಗೆ ಬಂಡಿಯವನಿಗೂ ನಾಲ್ಕು ಕಾಸು ದೊರೆಯುವುದು ಸುಳ್ಳಲ್ಲ.

ಆದುದರಿಂದ ಕರ್ತವ್ಯವು ಮೂವರದು. ಕಾಡು, ಕೆರೆ, ದೇವಸ್ಥಾನಗಳು ತನ್ನ ವಿನೋದಕ್ಕಾಗಿಯೇ ಇರುವುವೆಂದು ಪ್ರವಾಸಿಯು ಭಾವಿಸಬಾರದು. ಜ್ವರವಿದ್ದಾಗ ಮನೆಯಲ್ಲಿರಬೇಕು, ಬಂದಾಗ ಊರವರ ಮಾತನ್ನು ಕೇಳಬೇಕು. ಡಿಸೆಂಬರಿನಿಂದ ಮೇ ವರೆಗೆ ಕಾಡಿಗೆ ಹೋಗಬೇಡಿರೆಂದು ಹಳ್ಳಿಯವನು ಹೇಳಿದರೆ ಅದು ಅವನ ಬಿಗುಮಾನವಲ್ಲ, ಪ್ರವಾಸಿಯ ಜೀವದ ಮೇಲಿನ ಕಾಳಜಿ. ಹಳ್ಳಿಗರು ಎಚ್ಚರವನ್ನು ಬಿಡದೆ ಸಂಶಯವನ್ನು ಬಿಡಬೇಕು. ಎಲ್ಲಕ್ಕಿಂತ ಹೆಚ್ಚಿನ ಭಾರ ಸರಕಾರದ್ದು. ಪ್ರವಾಸಿಗಳನ್ನು ಕರೆಯುವ ಜಾಹೀರಾತಿಗೆ ಮುನ್ನ ಹೋಬಳಿಯ ಆಸ್ಪತ್ರೆಗೆ ವೈದ್ಯರನ್ನೂ ಔಷಧವನ್ನೂ ಒದಗಿಸಲಿ. ಎಷ್ಟು ಜನ, ಯಾವ ಕಾಲದಲ್ಲಿ ಬರಬಹುದೆಂಬ ನಿರ್ಣಯದಲ್ಲಿ ಗ್ರಾಮಪಂಚಾಯತಿಯ ಮಾತಿಗೆ ಬೆಲೆ ಕೊಡಲಿ.

ಕಾಯಿಲೆ ಬಿದ್ದರೆ ಕಾಪಾಡುವವರುಂಟೆಂಬ ಧೈರ್ಯವು ಹಳ್ಳಿಗೆ ಬಂದ ದಿನ, ಬೆಲ್ಲ-ನೀರಿನ ತಟ್ಟೆಯು ಯಾರೂ ಹೇಳದೆ ತಾನಾಗಿ ಜಗಲಿಗೆ ಬರುವುದರಲ್ಲಿ ನಮಗೆ ಸಂದೇಹವಿಲ್ಲ.