ಕುರ್ತಿ: ಚೀಟಿ ನೋಡಬೇಡಿ, ಅಳತೆ ನೋಡಿ



ಸಿಂದಗಿ ತಾಲೂಕಿನ ಕನ್ನೊಳ್ಳಿಯಿಂದ ಬಂದ ಒಂದು ಪತ್ರ ನನ್ನ ಮುಂದಿದೆ. ಬರೆದವರು ಮೂರು ಮಕ್ಕಳ ತಾಯಿ. ತಮ್ಮನ ಮಗಳ ನಿಕಾಹ್ ಹತ್ತಿರ ಬಂದಿದೆ. "ಆಪಾ, ಮೊಬೈಲ್‌ನ್ಯಾಗ ನೋಡಿ ನಾಕು ಕುರ್ತಿ ತರಿಸಿದೆ. ಎದಿಗೆ ಸರಿ ಆದದ್ದು ಕೆಳಗ ಹಿಡಿತದ, ಕೆಳಗ ಸರಿ ಆದದ್ದು ಭುಜದ ಮ್ಯಾಲಿಂದ ಜಾರತದ. ಎರಡು ವಾಪಸ್ ಕಳಿಸಿದೆ, ಎರಡು ಪೆಟ್ಟಿಗ್ಯಾಗ ಬಿದ್ದಾವ. ನನ್ನ ಮೈಗೆ ಕುರ್ತಿ ಒಪ್ಪಂಗಿಲ್ಲ. ಮದುವಿಗೆ ಹೋಗೂದ ಬ್ಯಾಡ ಅನಸ್ತದ" ಎಂದು ಬರೆದಿದ್ದಾರೆ.

ಕೊನೆಯ ವಾಕ್ಯ ಓದಿ ಮನಸ್ಸಿಗೆ ನೋವಾಯಿತು. ಬಟ್ಟೆ ಹಿಡಿಯುತ್ತದೆಂದು ಒಡಹುಟ್ಟಿದವನ ಮನೆಯ ಮದುವೆಯನ್ನೇ ಬಿಡುವುದೇ? ಇದು ಅವರೊಬ್ಬರ ಮಾತಲ್ಲ. ಹೆರಿಗೆಗಳಾದ ಮೇಲೆ, ನಲವತ್ತು ದಾಟಿದ ಮೇಲೆ, ನಮ್ಮಲ್ಲಿ ಎಷ್ಟೋ ಮಂದಿ ಕನ್ನಡಿಯ ಮುಂದೆ ನಿಂತು ತಪ್ಪೆಲ್ಲ ತಮ್ಮ ಮೈಯದೇ ಎಂದು ಹೇಳಿಕೊಳ್ಳುತ್ತಾರೆ. ಆದರೆ ಈ ಸಹೋದರಿ ಪತ್ರದಲ್ಲಿ ತಮ್ಮ ಅಳತೆಯನ್ನೂ ಕೊಟ್ಟಿದ್ದಾರೆ: ಎದೆ 40 ಇಂಚು, ಟೈಲರ್‌ಗಳು ಸೀಟು ಎನ್ನುವ ಜಾಗ 46 ಇಂಚು. ತೊಡಕು ಇರುವುದು ಇಲ್ಲೇ. ಸಿದ್ಧ ಉಡುಪಿನ ಅಳತೆಪಟ್ಟಿಗಳಲ್ಲಿ ಸಾಮಾನ್ಯವಾಗಿ ಎದೆಗಿಂತ ಸೀಟು ಎರಡು ಮೂರು ಇಂಚು ಮಾತ್ರ ಹೆಚ್ಚಿರುತ್ತದೆ. ಇವರಿಗೆ ಆರು ಇಂಚು ಹೆಚ್ಚು. ಎಲ್ ತರಿಸಲಿ, ಡಬಲ್ ಎಕ್ಸ್‌ಎಲ್ ತರಿಸಲಿ, ಎಲ್ಲೋ ಒಂದು ಕಡೆ ತಪ್ಪಲೇಬೇಕು.

ಅದೂ ಅಲ್ಲದೆ ಒಂದು ಕಂಪನಿಯ ಎಲ್ ಇನ್ನೊಂದರ ಎಲ್‌ಗೆ ಸಮವಲ್ಲ. ಕೆಲವರು ಚೀಟಿಯಲ್ಲಿ ಮೈಯ ಅಳತೆ ಬರೆಯುತ್ತಾರೆ, ಕೆಲವರು ಹೊಲಿದ ಬಟ್ಟೆಯ ಅಳತೆ ಬರೆಯುತ್ತಾರೆ. ನಮ್ಮ ದೇಶದವರ ಮೈಗೆ ತಕ್ಕ ಅಳತೆಪಟ್ಟಿ ಇಲ್ಲವೆಂದೇ ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಯೋಜನೆ ಹಾಕಿಕೊಂಡಿತು. ಬೆಂಗಳೂರು ಸೇರಿ ಆರು ನಗರಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನರನ್ನು ಯಂತ್ರದಿಂದ ಅಳೆಯುವ ಯೋಜನೆ ಅದು. ಆರರಲ್ಲಿ ಕನ್ನೊಳ್ಳಿ ಇಲ್ಲ ಬಿಡಿ! ಹಾಗಾಗಿ ನಮ್ಮ ಅಳತೆ ನಾವೇ ತೆಗೆದುಕೊಳ್ಳೋಣ.

ಹತ್ತಿಪ್ಪತ್ತು ರೂಪಾಯಿಯ ಒಂದು ಟೇಪು ಸಾಕು. ಭುಜದ ಒಂದು ಮೂಳೆಯಿಂದ ಇನ್ನೊಂದು ಮೂಳೆಯವರೆಗೆ, ಎದೆಯ ಸುತ್ತ, ಸೀಟಿನ ಅತಿ ದಪ್ಪ ಜಾಗದ ಸುತ್ತ, ತೋಳಿನ ಮೇಲ್ಭಾಗದ ಸುತ್ತ, ಈ ನಾಲ್ಕನ್ನು ಬರೆದಿಡಿ. ಟೇಪು ಬಿಗಿಯಬೇಡಿ, ಉಸಿರು ಎಳೆದು ಹೊಟ್ಟೆ ಒಳಗೆ ಮಾಡಬೇಡಿ. (ನಾವೆಲ್ಲರೂ ಮಾಡುತ್ತೇವೆ, ಗೊತ್ತು.) ಹೊಲಿದ ಕುರ್ತಿ ಎದೆಯ ಹತ್ತಿರ ಮೈಗಿಂತ ಮೂರು ನಾಲ್ಕು ಇಂಚು ಸಡಿಲ ಇರಬೇಕು, ಸೀಟಿನ ಹತ್ತಿರ ಕನಿಷ್ಠ ಮೂರು ಇಂಚು. ನಮಾಜಿನಲ್ಲಿ ರುಕೂ, ಸಜ್ದಾ ಮಾಡುವಾಗ ಬೆನ್ನಿನಲ್ಲಿ ಎಳೆಯುವ ಕುರ್ತಿ ನೆಲ ಒರೆಸುವಾಗಲೂ, ಬಸ್ ಹತ್ತುವಾಗಲೂ ಎಳೆಯುತ್ತದೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಏನೂ ತಿಳಿಯದು. ಒಮ್ಮೆ ಬಗ್ಗಿ, ಒಮ್ಮೆ ಕೂತು ನೋಡಿ.

ಸೀಟು ದೊಡ್ಡದಿರುವವರು ಸಿದ್ಧ ಕುರ್ತಿ ಕೊಳ್ಳುವುದಾದರೆ ಭುಜಕ್ಕೆ ಸರಿಯಾದದ್ದನ್ನೇ ಕೊಳ್ಳಿ. ಭುಜ ಜಾರಿದರೆ ಅದನ್ನು ಸರಿಪಡಿಸಲು ತೋಳು ಬಿಚ್ಚಬೇಕು, ಕೆಲಸ ದೊಡ್ಡದು. ಕೆಳಗೆ ಹಿಡಿಯುವುದಕ್ಕೆ ಉಪಾಯ ಸುಲಭ. ಪಕ್ಕದ ಹೊಲಿಗೆ ಬಿಚ್ಚಿ, ಮೇಲೆ ಚೂಪು ಕೆಳಗೆ ಅಗಲ ಇರುವಂತೆ ಎರಡೂ ಕಡೆ ಒಂದೊಂದು ಕಲಿ ಕೂಡಿಸಿದರಾಯಿತು. ಅದೇ ಬಣ್ಣ ಸಿಗದಿದ್ದರೆ ದುಪಟ್ಟಾದ ಬಣ್ಣದ ಬಟ್ಟೆ ಹಾಕಿ, ಬೇಕೆಂದೇ ಮಾಡಿಸಿದಂತೆ ಕಾಣುತ್ತದೆ. ಇದೇನೂ ಹೊಸದಲ್ಲ. ಹಳೆಯ ಕಾಲದ ಕುರ್ತಾ ಹೊಲಿಯುತ್ತಿದ್ದುದೇ ಹೀಗೆ: ನಡುವೆ ನೇರ ಬಟ್ಟೆ, ಪಕ್ಕಕ್ಕೆ ಕಲಿ, ಕಂಕುಳಲ್ಲಿ ಒಂದು ಚೌಕ ತುಂಡು. ಆ ಚೌಕ ತುಂಡು ಇದ್ದರೆ ಕೈ ಎತ್ತಿದಾಗ ಕುರ್ತಿ ಇಡಿಯಾಗಿ ಮೇಲೆ ಏರುವುದಿಲ್ಲ. ಈಗಿನ ಕುರ್ತಿಗಳಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದಾರೆ. ತೋಳು ದಪ್ಪ ಇರುವವರು ನಿಮ್ಮ ಟೈಲರ್‌ಗೆ ಕೇಳಿ ಹಾಕಿಸಿಕೊಳ್ಳಿ.

ಹೊಟ್ಟೆ ಮುಂದೆ ಬಂದವರು ಮಾಡುವ ತಪ್ಪು ಬೇರೆ. ಮುಚ್ಚಲೆಂದು ಸೊಂಟದ ಹತ್ತಿರ ಡಾರ್ಟ್ ಹಾಕಿಸಿ ಬಿಗಿ ಮಾಡಿಸುತ್ತಾರೆ. ಬಿಗಿಯಾದಷ್ಟೂ ಅದೇ ಎದ್ದು ಕಾಣುತ್ತದೆ. ಎದೆಯ ಕೆಳಗಿನಿಂದಲೇ ಸ್ವಲ್ಪ ಸ್ವಲ್ಪ ಅಗಲವಾಗುತ್ತ ಇಳಿಯುವ ಎ-ಲೈನ್ ಇರಲಿ. ಕುತ್ತಿಗೆ ಆಳವಾಗಿ ತೆಗೆಸಲು ಇಷ್ಟವಿಲ್ಲದವರು ಮುಂದೆ ಉದ್ದಕ್ಕೆ ಗುಂಡಿಪಟ್ಟಿ ಇಡಿಸಿ. ನೋಡುವವರ ಕಣ್ಣು ಆ ಗೆರೆಯ ಜೊತೆ ಮೇಲಿಂದ ಕೆಳಗೆ ಹೋಗುತ್ತದೆ, ಅಡ್ಡಕ್ಕೆ ಹೋಗುವುದಿಲ್ಲ. ಹಾಲೂಡಿಸುವ ತಾಯಂದಿರಿಗೂ ಈ ಪಟ್ಟಿ ಅನುಕೂಲ. ಕುಳ್ಳಗಿರುವವರಿಗೆ ಕುರ್ತಿ ಮತ್ತು ಸಲ್ವಾರ್ ಒಂದೇ ಬಣ್ಣದ್ದಿದ್ದರೆ ಎತ್ತರ ಕಾಣುತ್ತದೆ. ಕೆಳ ಅಂಚಿನಲ್ಲಿ ಅಗಲ ಬಾರ್ಡರ್ ಬೇಡ. ತೆಳ್ಳಗೆ ಎತ್ತರ ಇರುವವರಿಗೆ ನೆರಿಗೆ, ಅಡ್ಡ ಗೆರೆ, ದೊಡ್ಡ ಹೂವು ಎಲ್ಲವೂ ಒಪ್ಪುತ್ತವೆ. ಅವರಿಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ.

ಬಟ್ಟೆ ಎಷ್ಟು ಬೇಕು? ಅಂಗಡಿಯವರು ಎಲ್ಲರಿಗೂ ಒಂದೇ ಲೆಕ್ಕ ಹೇಳಿ ಕತ್ತರಿಸಿಬಿಡುತ್ತಾರೆ. ಸ್ವಲ್ಪ ಲೆಕ್ಕ ಕಲಿಯಿರಿ. 44 ಇಂಚು ಅಗಲದ ಬಟ್ಟೆ ಎಂದುಕೊಳ್ಳಿ. ಸೀಟು 36 ಇದ್ದರೆ ಮುಂದಿನ ಭಾಗ ಹಿಂದಿನ ಭಾಗ ಎರಡೂ ಪಕ್ಕ ಪಕ್ಕ ಕೂರುತ್ತವೆ. 42 ಇಂಚು ಉದ್ದದ ತುಂಬುತೋಳಿನ ಕುರ್ತಿ ಒಂದೂಮುಕ್ಕಾಲು ಮೀಟರಿನಲ್ಲಿ ಆಗುತ್ತದೆ. ಸೀಟು 46 ಇದ್ದರೆ ಒಂದು ಭಾಗಕ್ಕೇ 26 ಇಂಚು ಅಗಲ ಬೇಕು, ಎರಡು ಪಕ್ಕ ಪಕ್ಕ ಕೂರುವುದಿಲ್ಲ. ಒಂದರ ಕೆಳಗೆ ಒಂದು ಇಟ್ಟು ಕತ್ತರಿಸಬೇಕು, ಪಕ್ಕದಲ್ಲಿ ಉಳಿದ ಪಟ್ಟಿಯಲ್ಲಿ ತೋಳು ಬರುತ್ತವೆ. ಎರಡೂವರೆ ಮೀಟರ್ ಬೇಕು, ಕೆಳಗೆ ಘೇರು ಬೇಕೆಂದರೆ ಮೂರು. ಎರಡೇ ಮೀಟರ್ ತಂದು ಕೊಟ್ಟು ಬಿಗಿಯಾಯಿತೆಂದು ಟೈಲರ್ ಜೊತೆ ಜಗಳ ಆಡಿದವರಲ್ಲಿ ನಾನೂ ಒಬ್ಬಳು. ಹತ್ತಿ ಬಟ್ಟೆಯಾದರೆ ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ನೆನೆಸದೆ ಹೊಲಿಸಿದರೆ ಮೊದಲ ಒಗೆತಕ್ಕೇ ಉದ್ದದಲ್ಲಿ ಒಂದೆರಡು ಇಂಚು ಕುಗ್ಗುವುದುಂಟು.

ಇನ್ನು ಬಿಸಿಲು. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಬುರ್ಖಾದೊಳಗೆ ಪಾಲಿಸ್ಟರ್ ಕುರ್ತಿ ತೊಟ್ಟು ಸಿಂದಗಿಯ ಬಸ್ಸಿಗೆ ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ಊರ ಸುತ್ತಲಿನ ಕರಿ ಭೂಮಿಯಲ್ಲಿ ಹತ್ತಿ ಬೆಳೆಯುತ್ತದೆ, ನಾವು ಮಾತ್ರ ಬೆವರು ಹೀರದ ಬಟ್ಟೆ ಕೊಂಡು ಬೆನ್ನ ತುಂಬ ಬೆವರುಸಾಲೆ ಮಾಡಿಕೊಳ್ಳುತ್ತೇವೆ! ಬುರ್ಖಾದ ಒಳಗೆ ತೊಡುವ ಕುರ್ತಿಗೆ ತೆಳು ಹತ್ತಿಯೇ ಸರಿ. ಜರಿ, ಮಣಿ, ಕನ್ನಡಿ ಕೆಲಸ ಇದ್ದರೆ ಒಳಗೆ ಚುಚ್ಚುತ್ತದೆ, ಬುರ್ಖಾದ ಬಟ್ಟೆಗೂ ಸಿಕ್ಕಿಕೊಳ್ಳುತ್ತದೆ. ತೋಳು ಅಗಲ ಇಟ್ಟರೆ ಬುರ್ಖಾದ ತೋಳಿನೊಳಗೆ ಮುದುಡಿಕೊಳ್ಳುತ್ತದೆ, ಮಣಿಕಟ್ಟಿನ ಹತ್ತಿರ ಕಿರಿದಾಗಿರಲಿ. ರೇಯಾನ್ ಕೂಡ ತಂಪೇ, ಆದರೆ ಒದ್ದೆಯಾದಾಗ ಅದರ ನೂಲಿಗೆ ಬಲ ಕಡಿಮೆ. ಬಂಡೆಗೆ ಬಡಿದು ಒಗೆದರೆ ಬಾಳುವುದಿಲ್ಲ.

ಕಾಲೇಜಿಗೆ ಹೋಗುವ ಹುಡುಗಿಯರಿಗೆ ಎರಡು ಮಾತು. ಪಕ್ಕದ ಚಾಕ್ ಎಲ್ಲಿಂದ ಶುರುವಾಗುತ್ತದೆ ನೋಡಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಮೇಲಿನಿಂದ ಬಿಟ್ಟ ಚಾಕ್ ಪೂರ್ತಿ ತೆರೆದುಕೊಳ್ಳುತ್ತದೆ. ಕೆಳಗೆ ಸಡಿಲ ಸಲ್ವಾರ್ ಇದ್ದರೆ ಚಿಂತೆಯಿಲ್ಲ, ಲೆಗ್ಗಿಂಗ್ಸ್ ಆದರೆ ಇಡೀ ದಾರಿ ಎಳೆದುಕೊಳ್ಳುವುದೇ ಕೆಲಸ. ಎರಡನೆಯದು, ಹೊಲಿಸುವಾಗ ಪಕ್ಕದಲ್ಲಿ ಜೇಬು ಕೇಳಿ. ಮೊಬೈಲ್, ಬಸ್ ಪಾಸ್, ಕೈಯೊರೆಸುವ ಬಟ್ಟೆ ಇಡಲು ಗಂಡಸರ ಅಂಗಿಗೆ ಇರುವುದು ನಮಗೇಕೆ ಬೇಡ? ಮಯ್ಯತ್ ಆದ ಮನೆಗೆ ಹೋಗಲು ಬಣ್ಣ ಕಡಿಮೆ ಇರುವ, ಸದ್ದು ಮಾಡುವ ಗೆಜ್ಜೆ ಲಟಕನ್ ಇಲ್ಲದ ಒಂದು ಕುರ್ತಿ ಇಸ್ತ್ರಿ ಮಾಡಿ ಯಾವಾಗಲೂ ತೆಗೆದಿಟ್ಟಿರಿ. ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ.

ಕನ್ನೊಳ್ಳಿಯ ಸಹೋದರಿಯ ಮದುವೆ ಕುರ್ತಿಗೆ ನನ್ನ ಸಲಹೆ: ಮೊಬೈಲಿನ ಜಾರ್ಜೆಟ್ ಬಿಡಿ, ಗುಳೇದಗುಡ್ಡದ ಖಣ ನೋಡಿ. ನಮ್ಮ ಕಡೆಯ ಹೆಂಗಸರ ಕುಪ್ಪಸದ ಬಟ್ಟೆ ಈಗ ಪಟ್ಟಣದವರ ಕುರ್ತಿಯಾಗಿದೆ. ಆದರೆ ಕೈಮಗ್ಗದ ಖಣದ ಅಗಲ ಒಂದು ಮೀಟರಿಗಿಂತ ಕಡಿಮೆ, ಇಡೀ ಕುರ್ತಿ ಮಾಡಿಸಲು ಹೋದರೆ ಬಹಳ ಜೋಡಣೆ ಬೀಳುತ್ತದೆ, ಹಣವೂ ಹೆಚ್ಚು. ಎದೆಯ ಮೇಲಿನ ಯೋಕ್, ತೋಳಿನ ಪಟ್ಟಿ ಮತ್ತು ಪಕ್ಕದ ಕಲಿಗಳು ಖಣದ್ದಿರಲಿ, ಉಳಿದದ್ದು ಅದೇ ಬಣ್ಣದ ಸಾದಾ ಹತ್ತಿ ಅಥವಾ ಹತ್ತಿ-ರೇಷ್ಮೆ. ಕಲಿ ಖಣದ್ದಾದರೆ ನಿಮಗೆ ಬೇಕಾದ ಸೀಟಿನ ಅಗಲವೂ ಸಿಕ್ಕಿತು, ಅಲಂಕಾರವೂ ಆಯಿತು. ತಾಯಿಯ ಹಳೆಯ ಇಳಕಲ್ ಸೀರೆ ಹರಿದು ಮೂಲೆಯಲ್ಲಿದ್ದರೆ ಅದರ ರೇಷ್ಮೆ ಸೆರಗನ್ನೂ ಹೀಗೆಯೇ ಬಳಸಬಹುದು. ಹೊಲಿಸುವ ಮುಂಚೆ ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ.

ಟೈಲರ್‌ಗೆ ಹೀಗೆ ಹೇಳಿ: ಎದೆ 44 ಇಂಚು, ಸೀಟು 49 ಇಂಚು ತಯಾರಿ ಅಳತೆ, ಸೊಂಟಕ್ಕೆ ಡಾರ್ಟ್ ಬೇಡ, ಚಾಕ್ ಸೀಟಿನ ಕೆಳಗಿನಿಂದ, ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಟ್ಟಿರಲಿ. ಮದುವೆಗೆ ಹತ್ತು ದಿನ ಮುಂಚೆಯೇ ತೊಟ್ಟು ನೋಡಿ, ತಿದ್ದಲು ಸಮಯ ಸಿಗುತ್ತದೆ. ಪೆಟ್ಟಿಗೆಯಲ್ಲಿ ಬಿದ್ದ ಎರಡು ಕುರ್ತಿಗಳಲ್ಲಿ ಭುಜಕ್ಕೆ ಸರಿಯಾದದ್ದನ್ನೂ ಜೊತೆಗೇ ಒಯ್ಯಿರಿ, ಅದಕ್ಕೂ ಕಲಿ ಹಾಕಿಸಿಕೊಂಡು ಬಂದರೆ ವಲೀಮಾಕ್ಕೆ ಆಯಿತು.