ಮುಟ್ಟುವ ಕೈ, ಹಿಡಿಯುವ ಕೈ

‘ಸೊಕ್ಕಿದ್ದವನು ಯಾಣಕ್ಕೆ ಹೋಗು, ರೊಕ್ಕವಿದ್ದವನು ಗೋಕರ್ಣಕ್ಕೆ ಹೋಗು’ ಎಂಬುದು ನಮ್ಮ ಕುಮಟೆಯ ಕಡೆಯ ಹಳೆಯ ನಾಣ್ನುಡಿ. ದಟ್ಟಡವಿಯ ನಡುವೆ ಏರಿಳಿದು ಯಾಣದ ಕರಿಯ ಬಂಡೆಗಳ ಬುಡವನ್ನು ಮುಟ್ಟಬೇಕಾದರೆ ಒಂದು ಕಾಲಕ್ಕೆ ಮೈಯಲ್ಲಿ ಸೊಕ್ಕು ಬೇಕಾಗಿದ್ದುದು ನಿಜ. ಈಗ ವಾಹನಗಳು ಸಮೀಪದವರೆಗೂ ಹೋಗುವುದರಿಂದ ಆ ಸೊಕ್ಕಿಗೆ ಬೇರೊಂದು ದಾರಿ ಬೇಕಾಯಿತು. ನಮ್ಮ ಸೀಮೆಯ ತರುಣರು ಅದನ್ನು ಕಬಡ್ಡಿಯ ಅಂಕಣದಲ್ಲಿ ಕಂಡುಕೊಂಡಿದ್ದಾರೆ. ಕಾಲೇಜುಗಳ ಪಂದ್ಯಗಳು ಪ್ರಾರಂಭವಾದವೆಂದರೆ ಆಡುವವರು ಏಳು ಜನ. ವಿಮರ್ಶಿಸುವವರು ಏಳುನೂರು ಜನ.

ಈ ವಿಮರ್ಶಕರ ಪರಿಷತ್ತು ಚಹದಂಗಡಿಯ ಬೆಂಚಿನ ಮೇಲೆ ನಿತ್ಯವೂ ಕೂಡುತ್ತದೆ. ಇವರ ಪಾಂಡಿತ್ಯವನ್ನು ಹಗುರವಾಗಿ ಎಣಿಸಬಾರದು. ಎದುರಾಳಿಯ ಯಾವ ಆಟಗಾರನಿಗೆ ಯಾವ ಮೊಣಕಾಲು ನೋಯುತ್ತಿದೆಯೆಂಬುದು ಅವನ ವೈದ್ಯನಿಗಿಂತ ಮೊದಲೇ ಇವರಿಗೆ ತಿಳಿದಿರುತ್ತದೆ. ಆದರೆ ಇವರಲ್ಲಿ ಎರಡು ದೋಷಗಳುಂಟು. ಎರಡು ಪಂದ್ಯ ಮುಗಿಯುವ ಮೊದಲೇ ವರ್ಷದ ತೀರ್ಪನ್ನು ಬರೆದುಬಿಡುವುದು ಒಂದು. ಗೆದ್ದರೆ ದಾಳಿಗಾರನನ್ನು ಹೊಗಳಿ, ಸೋತರೆ ಹಿಡಿಯುವವನನ್ನು ಹಳಿಯುವುದು ಇನ್ನೊಂದು.

ಮುಟ್ಟಿ ಗೆಲ್ಲುವವನ ಕಥೆ ನಮ್ಮ ಜನಕ್ಕೆ ಹೊಸದಲ್ಲ. ಯಾಣದ ಸ್ಥಳಪುರಾಣವೇ ಭಸ್ಮಾಸುರನದು. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂದು ವರ ಪಡೆದ ಆ ದೈತ್ಯನಿಗಿಂತ ದೊಡ್ಡ ದಾಳಿಗಾರ ಇನ್ನಾರು? ವರವಿತ್ತ ಶಿವನೇ ಅವನಿಗೆ ಅಂಜಿ ಓಡಬೇಕಾಯಿತು. ಅವನನ್ನು ತಡೆದವಳು ಮೋಹಿನಿ. ಆಕೆ ಅವನ ಮೇಲೆ ಏರಿಹೋಗಲಿಲ್ಲ. ಅವನ ಹೆಜ್ಜೆಗೆ ಹೆಜ್ಜೆಯಿಟ್ಟು, ಸಮಯ ಕಾದು, ಅವನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸಿದಳು. ಭೈರವೇಶ್ವರ ಶಿಖರದ ಪಕ್ಕದಲ್ಲಿ ಮೋಹಿನಿ ಶಿಖರವೂ ನಿಂತಿರುವುದು ಇದರ ನೆನಪಿಗಾಗಿಯೇ. ಕಬಡ್ಡಿಯ ರಕ್ಷಣೆಯ ಶಾಸ್ತ್ರವೆಲ್ಲ ಈ ಕಥೆಯಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಲ್ಲ.

ಆಟವನ್ನು ಸ್ವಲ್ಪ ಬಿಡಿಸಿ ನೋಡೋಣ. ಪುರುಷರ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. ಒಂದು ದಾಳಿಗೆ 30 ಸೆಕೆಂಡು. ದಾಳಿಗಾರ ಒಬ್ಬನೇ ಹೋಗುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಎದುರಿಗೆ ನಿಂತ ಏಳು ಜನರಲ್ಲಿ ಎರಡು ಮೂಲೆಗಳಲ್ಲಿರುವವರು ಕಾಲಿನ ಹರಡನ್ನು ಹಿಡಿಯಲು ಹೊಂಚುತ್ತಾರೆ. ಒಳಗಿನವರು ಅವರ ಕೈಹಿಡಿದು ಸರಪಳಿಯಾಗುತ್ತಾರೆ. ದಾಳಿಗಾರ ತನ್ನ ಅಂಕಣಕ್ಕೆ ಹಿಂದಿರುಗುವ ದಾರಿಯನ್ನು ಕಡಿಯುವ ಹೊಣೆ ‘ಕವರ್’ ಎನಿಸಿಕೊಳ್ಳುವವರದು. ಮೂಲೆಯವನು ಅರೆಗಳಿಗೆ ಮೊದಲು ಹಾರಿದನೋ, ಸರಪಳಿ ತುಂಡಾಗುತ್ತದೆ, ಇಬ್ಬರು ಮೂವರು ಒಟ್ಟಿಗೆ ಹೊರಬೀಳುತ್ತಾರೆ. ಅರೆಗಳಿಗೆ ತಡಮಾಡಿದನೋ, ದಾಳಿಗಾರ ಮಧ್ಯರೇಖೆ ದಾಟಿರುತ್ತಾನೆ.

ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಅದನ್ನು ನಮ್ಮ ವಿಮರ್ಶಕರು ಬಲ್ಲರು, ಆದರೆ ತೀರ್ಪು ಹೇಳುವಾಗ ಮರೆಯುತ್ತಾರೆ. ಹಿಡಿಯಲ್ಪಟ್ಟ ದಾಳಿಗಾರ ಹೊರಗೆ ಕುಳಿತುಕೊಳ್ಳಬೇಕಷ್ಟೆ. ಅವನು ಮತ್ತೆ ಒಳಗೆ ಬರಬೇಕಾದರೆ ಉಳಿದವರು ಎದುರಾಳಿಯನ್ನು ಮುಟ್ಟಬೇಕು ಅಥವಾ ಹಿಡಿಯಬೇಕು. ಬೋನಸ್ ಅಂಕದಿಂದ ಯಾರೂ ಬದುಕಿ ಬರುವುದಿಲ್ಲ. ಎಂದರೆ, ತಾರೆಯೆನಿಸಿದ ದಾಳಿಗಾರ 40 ನಿಮಿಷಗಳಲ್ಲಿ ಎಷ್ಟು ಹೊತ್ತು ಅಂಕಣದಲ್ಲಿರುತ್ತಾನೆ ಎಂಬುದನ್ನು ಅವನ ಕಾಲಿನ ಚುರುಕೊಂದೇ ನಿರ್ಧರಿಸುವುದಿಲ್ಲ. ಹಿಂದೆ ನಿಂತವರ ಹಿಡಿತವೂ ನಿರ್ಧರಿಸುತ್ತದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ಹಿಡಿದರೆ ಒಂದು ಅಂಕ ಹೆಚ್ಚು ದೊರೆಯುವುದಾದರೂ, ಪಂದ್ಯದ ಮರುದಿನ ಬೀದಿಯಲ್ಲಿ ಆ ಹಿಡಿತದ ಮಾತು ಬರುವುದು ಅಪರೂಪ.

ಇದು ನಮ್ಮ ಜನರೊಬ್ಬರದೇ ದೋಷವೆಂದುಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿ ನೆಲಸಿದ ನಮ್ಮ ಕನ್ನಡದ ಕುಟುಂಬಗಳ ಮಕ್ಕಳು ಅಲ್ಲಿಯ ಕಾಲೇಜುಗಳ ಫುಟ್‌ಬಾಲಿನ ಮೋಹಕ್ಕೆ ಒಳಗಾಗುವುದುಂಟು. ಅದು ಕಾಲಿಗಿಂತ ಕೈಗೆ ಹೆಚ್ಚು ಕೆಲಸವಿರುವ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ನೋಡುತ್ತಾರೆ. ಆಕ್ರಮಣದ 11 ಜನರಲ್ಲಿ ಐವರು ಮುಂದಿನ ಸಾಲಿನಲ್ಲಿ ಬಾಗಿ ನಿಂತು, ಚೆಂಡು ಹಿಡಿದವನಿಗೆ ಎದುರಾಳಿಗಳು ತಾಗದಂತೆ ಎದೆಯೊಡ್ಡುತ್ತಾರೆ. ಇವರತ್ತ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಸಾಮಾನ್ಯವಾಗಿ ನಿಯಮವೇ ಒಪ್ಪುವುದಿಲ್ಲ. ಅಂಕಪಟ್ಟಿಯಲ್ಲಿ ಇವರ ಹೆಸರು ಕಾಣುವುದು ವಿರಳ. ಎಡವಿದಾಗ ಮಾತ್ರ ಇವರ ಹೆಸರು ಎಲ್ಲರಿಗೂ ತಿಳಿಯುತ್ತದೆ. ಅಲ್ಲಿಯೂ ಋತುವಿನ ಮೊದಲ ಎರಡು ಪಂದ್ಯ ಸೋತರೆ ಅಭಿಮಾನಿಗಳು ಮೊದಲು ಬೆರಳು ತೋರುವುದು ಈ ಸಾಲಿನತ್ತಲೇ.

ಅವಸರದ ತೀರ್ಪಿಗೆ ನಮ್ಮ ಬೆಂಗಳೂರು ಬುಲ್ಸ್ ತಂಡ ಒಳ್ಳೆಯ ಪಾಠ ಕಲಿಸಿದೆ. 2019ರ ಜನವರಿ 5ರಂದು ಅದು ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಗುಜರಾತಿನ ತಂಡವನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದರು. ಆ ದಿನದಿಂದ, ಒಬ್ಬ ಮಹಾ ದಾಳಿಗಾರನಿದ್ದರೆ ಸಾಕೆಂಬ ನಂಬಿಕೆ ಅಭಿಮಾನಿಗಳಲ್ಲಿ ಬೇರೂರಿತು. 2024ರಲ್ಲಿ ಲೀಗಿನ ಇತಿಹಾಸದಲ್ಲಿಯೇ ಅತ್ಯಧಿಕ ದಾಳಿ ಅಂಕಗಳ ಒಡೆಯ ಪ್ರದೀಪ್ ನರ್ವಾಲ್ ಬೆಂಗಳೂರಿಗೆ ಬಂದರು. ಪಂದ್ಯಗಳು 22; ಗೆಲುವು ಎರಡು; ಸ್ಥಾನ ಹನ್ನೆರಡರಲ್ಲಿ ಹನ್ನೆರಡನೆಯದು. ಹೆಸರು ಮಾತ್ರ ಆಡುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2025ರಲ್ಲಿ ಕನ್ನಡಿಗರೇ ಆದ ಬಿ. ಸಿ. ರಮೇಶ್ ತರಬೇತುದಾರರಾಗಿ ಬಂದರು. ಬಂಗಾಳಕ್ಕೂ ಪುಣೆಗೂ ಪ್ರಶಸ್ತಿ ತಂದುಕೊಟ್ಟ ಅನುಭವಿ ಅವರು. ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಚಹದಂಗಡಿಯ ಪರಿಷತ್ತು ಆಗಲೇ ಶ್ರಾದ್ಧದ ದಿನವನ್ನು ಗೊತ್ತುಪಡಿಸಿತ್ತು. ಆದರೆ ಆ ಮೂರರಲ್ಲಿ ಮೊದಲನೆಯ ಪಂದ್ಯ ನಿಗದಿತ ಕಾಲದಲ್ಲಿ ಸಮವಾಗಿ, ಟೈಬ್ರೇಕರಿನಲ್ಲಿ ಕೈತಪ್ಪಿದುದು ಎಂಬುದನ್ನು ಯಾರೂ ಎಣಿಸಲಿಲ್ಲ. ಮುಂದೆ ಹಿಂದಿನ ಸಾಲು ಕೂಡಿಕೊಂಡಿತು. ಯೋಗೇಶ್, ದೀಪಕ್ ಶಂಕರ್ ಮೊದಲಾದವರ ಹಿಡಿತ ಬಿಗಿಯಾಯಿತು; ಇರಾನಿನ ಅಲಿರೆಜಾ ಮಿರ್ಜೈಯಾನ್ ಅವರ ದಾಳಿಗೆ ಬಲ ಬಂತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಲೀಗ್ ಹಂತವನ್ನು ಮೂರನೆಯ ಸ್ಥಾನದಲ್ಲಿ ಮುಗಿಸಿತು. ಪ್ರಶಸ್ತಿ ದೆಹಲಿಗೆ ಹೋಯಿತೆಂಬುದು ಬೇರೆ ಮಾತು.

ಜಕಾರ್ತದ 2018ರ ಏಷ್ಯನ್ ಕ್ರೀಡಾಕೂಟವನ್ನೂ ನೆನೆಯಬಹುದು. 1990ರಲ್ಲಿ ಕಬಡ್ಡಿ ಆ ಕೂಟಕ್ಕೆ ಸೇರಿದಂದಿನಿಂದ ಪುರುಷರ ಚಿನ್ನವನ್ನು ಬಿಟ್ಟುಕೊಡದಿದ್ದ ಭಾರತ, ಸೆಮಿಫೈನಲಿನಲ್ಲಿ ಇರಾನಿಗೆ 18-27ರಿಂದ ಸೋತಿತು. ಹೆಸರಾಂತ ದಾಳಿಗಾರರು ನಮ್ಮಲ್ಲಿದ್ದರು; ಬಿಡದ ಸರಪಳಿ ಅವರಲ್ಲಿತ್ತು.

ಇಷ್ಟೆಲ್ಲ ಲೆಕ್ಕ ಏತಕ್ಕೆಂದು ವಾಚಕರು ಕೇಳಬಹುದು. ವೃತ್ತಿಯ ಆಟಗಾರರಿಗೆ ಹಣವುಂಟು, ವೈದ್ಯರುಂಟು, ಟೀಕೆಯನ್ನು ಸಹಿಸುವ ಅಭ್ಯಾಸವೂ ಉಂಟು. ನಮ್ಮ ಕಾಲೇಜಿನ ಹುಡುಗನಿಗೆ ಇವಾವುವೂ ಇಲ್ಲ. ನಾನು ಪಾಠ ಹೇಳುವ ತರಗತಿಗಳಲ್ಲಿ ಇಂಥವರನ್ನು ನೋಡುತ್ತಿರುತ್ತೇನೆ. ಘಟ್ಟದ ಬುಡದ ಹಳ್ಳಿಯಿಂದ ನಸುಕಿನಲ್ಲಿ ಎದ್ದು ಬಸ್ಸು ಹಿಡಿದು ಬರುವವನು. ಸಂಜೆ ಅಭ್ಯಾಸ ಮುಗಿಸಿ, ಕೊನೆಯ ಬಸ್ಸು ತಪ್ಪಿದರೆ ಗೆಳೆಯನ ಕೋಣೆಯಲ್ಲಿ ಮಲಗುವವನು. ರೈಲ್ವೆ, ಸೇನೆ, ಬ್ಯಾಂಕುಗಳು ಕಬಡ್ಡಿ ಬಲ್ಲವರಿಗೆ ಕೆಲಸ ಕೊಟ್ಟ ಕಥೆಯನ್ನು ಕೇಳಿ, ಮನೆಯವರು ಅಡಕೆ ಕೊಯ್ಲಿನ ಕೆಲಸದಿಂದ ಅವನನ್ನು ಬಿಡಿಸಿ ಕಳುಹಿಸಿರುತ್ತಾರೆ. ಅವನು ಆಡುವುದು ಎಡಮೂಲೆಯಲ್ಲಿ. ಹೊಸ ತಂಡ; ಪಕ್ಕದಲ್ಲಿ ಕೈಹಿಡಿಯುವವನ ಉಸಿರಿನ ಗತಿ ಅವನಿಗಿನ್ನೂ ತಿಳಿಯದು. ಎರಡು ಪಂದ್ಯಗಳಲ್ಲಿ ನಾಲ್ಕು ಬಾರಿ ಹಿಡಿತ ಜಾರುತ್ತದೆ. ಮರುದಿನ ಕಾಲೇಜಿನ ಮೆಟ್ಟಿಲ ಮೇಲೆ ಅವನಿಗೊಂದು ಅಡ್ಡಹೆಸರು ಹುಟ್ಟಿರುತ್ತದೆ. ಮೂರನೆಯ ವಾರ ಅವನು ಅಭ್ಯಾಸಕ್ಕೆ ಬರುವುದಿಲ್ಲ. ನಾಲ್ಕನೆಯ ವಾರ ತರಗತಿಗೂ ಬರುವುದಿಲ್ಲ. ಒಂದು ಮೂದಲಿಕೆಯ ಬೆಲೆ ಇಷ್ಟು.

ಸರಪಳಿ ಹೊಂದಿಕೊಳ್ಳಲು ಕಾಲ ಬೇಕು. ದಾಳಿ ಒಬ್ಬನ ವಿದ್ಯೆ, ಜನ್ಮತಃ ಬರಬಹುದು. ಹಿಡಿತ ನಾಲ್ವರ ಸಂಸಾರ. ಕೂಡಿ ಬಾಳಿಯೇ ಬರಬೇಕು. ಆದಕಾರಣ ಋತುವಿನ ಆದಿಯಲ್ಲಿ ದಾಳಿಗಾರ ಮಿಂಚುವುದೂ ರಕ್ಷಣೆ ಎಡವುವುದೂ ಸಹಜ. ಆಗ ನೋಡಬೇಕಾದುದು ಅಂಕವನ್ನಲ್ಲ. ಮೂಲೆಯವನು ಹಾರಿದಾಗ ಕವರಿನವನು ಅವನ ಬೆನ್ನಿಗೆ ಬಂದನೆ? ತಪ್ಪಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರೆ, ಇಲ್ಲವೆ ಹೆಗಲು ತಟ್ಟಿದರೆ? ಮೊದಲ ಪಂದ್ಯದ ತಪ್ಪು ಮೂರನೆಯದರಲ್ಲಿಯೂ ಅದೇ ಜಾಗದಲ್ಲಿ ಕಂಡಿತೆ? ಮೂರನೆಯದರಲ್ಲಿಯೂ ಕಂಡರೆ ಟೀಕಿಸಲು ಅಡ್ಡಿಯಿಲ್ಲ. ಆದರೆ ಟೀಕೆ ಆಟದ ಮೇಲಿರಲಿ, ಹುಡುಗನ ಮೇಲೆ ಬೇಡ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಹೊನ್ನಾವರ, ಕುಮಟೆಗಳಲ್ಲಿ ಇನ್ನೂ ಇದ್ದಾರೆ. ಆ ಕುಣಿತದ ಹಿಂದೆ ಇರುಳೆಲ್ಲ ಮದ್ದಲೆ ನುಡಿಸಿದ ಬೆರಳುಗಳನ್ನು ಕೇಳಬಲ್ಲವನನ್ನೇ ನಮ್ಮ ಸೀಮೆ ರಸಿಕನೆಂದು ಕರೆದಿದೆ. ಕಬಡ್ಡಿಯ ಪ್ರೇಕ್ಷಕನೂ ಅಂಥ ರಸಿಕನಾಗಲು ಹೆಚ್ಚಿನ ಖರ್ಚಿಲ್ಲ. ಮುಂದಿನ ಪಂದ್ಯದಲ್ಲಿ ದಾಳಿಗಾರ ಗೆದ್ದು ಹಿಂದಿರುಗಿದಾಗ ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಲಿ. ಅವನು ಹೊರಗೆ ಕುಳಿತಿದ್ದಾಗ ಯಾರ ಹಿಡಿತದಿಂದ ಒಳಗೆ ಬಂದನೋ, ಆ ಎಡಮೂಲೆಯ ಹುಡುಗನ ಹೆಸರನ್ನು ನೀವೊಬ್ಬರಾದರೂ ಕೂಗಿ ಹೇಳಿ. ಮರುದಿನದ ಬಸ್ಸಿಗೆ ಅವನು ತಪ್ಪದೆ ಬರುತ್ತಾನೆ.