ಕಪ್ಪೆಯ ಪಾಠ

ಕಪ್ಪೆಗೆ ಹತ್ತು ಜೊತೆ ಕಪಾಲನರಗಳುಂಟೆಂದು ತಡವರಿಸದೆ ಒಪ್ಪಿಸಿದ ವಿದ್ಯಾರ್ಥಿಯು ಕಪ್ಪೆಯನ್ನು ಅರಿತಂತಾಯಿತೆ? ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2014ರಲ್ಲಿ ಕಾಲೇಜುಗಳ ಪ್ರಾಣಿಛೇದನವನ್ನು ನಿಷೇಧಿಸಿದಂದಿನಿಂದ ಜೀವಶಾಸ್ತ್ರದ ಬೋಧನೆಯೇ ಬರಡಾಯಿತೆಂದು ಕೊರಗುವವರುಂಟು. ಕಣ್ಣಾರೆ ಕಾಣುವುದರ ಬೆಲೆಯನ್ನು ಯಾರೂ ಅಲ್ಲಗಳೆಯರು. ಆದರೆ ಛೇದನದ ಹಲಗೆಯ ಮೇಲೆ ಕಾಣುತ್ತಿದ್ದುದು ಬಹುಮಟ್ಟಿಗೆ ಅಂಗವೇ ಹೊರತು ಅದರ ವ್ಯಾಪಾರವಲ್ಲ.

ಗೊದಮೊಟ್ಟೆಯು ನೀರಿನಲ್ಲಿಯೇ ಬಾಳುವುದರಿಂದ ತನ್ನ ದೇಹದ ಕಲ್ಮಷವನ್ನು ಹೆಚ್ಚಾಗಿ ಅಮೋನಿಯ ರೂಪದಲ್ಲಿ ನೀರಿಗೇ ಬಿಟ್ಟುಬಿಡುತ್ತದೆ. ನೆಲವೇರಿದ ಕಪ್ಪೆಗೆ ಆ ಅನುಕೂಲವಿಲ್ಲ. ಆದುದರಿಂದ ಅದರ ಯಕೃತ್ತು ಅಮೋನಿಯವನ್ನು ಅಷ್ಟು ವಿಷಕರವಲ್ಲದ ಯೂರಿಯವನ್ನಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ಅದನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ನೀರಿನ ಅಭಾವವೊದಗಿದಾಗ ಮೂತ್ರಕೋಶದಲ್ಲಿ ನಿಂತ ನೀರನ್ನು ದೇಹವು ಮರಳಿ ಹೀರಿಕೊಳ್ಳುತ್ತದೆ. ಎಂತಹ ಮಿತವ್ಯಯ! ನರಮಂಡಲದಲ್ಲಿಯೂ ಅಷ್ಟೆ: ಚಲಿಸುವ ಹುಳುವನ್ನು ಕಣ್ಣಿನಿಂದಲೇ ಗುರುತಿಸಿ ಹಿಡಿಯಬೇಕಾದ ಈ ಪ್ರಾಣಿಗೆ ಮೆದುಳಿನ ದೃಷ್ಟಿಪಾಲಿಗಳು ದೊಡ್ಡವು, ಅನುಮಸ್ತಿಷ್ಕ ಕಿರಿದು.

ಈ ಕಾರ್ಯಕಾರಣಸಂಬಂಧವನ್ನು ತಿಳಿಸಲು ಕತ್ತರಿ ಬೇಡ. ಮಳೆಗಾಲದ ಕೆರೆಯಂಚೂ ಬಲ್ಲ ಅಧ್ಯಾಪಕನೂ ಸಾಕು. ಅಲುಗದೆ ಬಿದ್ದ ಹುಳುವನ್ನು ಲಕ್ಷಿಸದ ಕಪ್ಪೆಯು, ಹುಳು ಮಿಸುಕಿದೊಡನೆ ನಾಲಗೆ ಚಾಚುವುದನ್ನು ಕಂಡ ಬಾಲಕನಿಗೆ ದೃಷ್ಟಿಪಾಲಿಯೆಂಬ ಪದವನ್ನು ಉರುಹೊಡೆಸಬೇಕಾಗಿಲ್ಲ.